ಕೆಲಸ ಹೋದದ್ದನ್ನು ಮುಚ್ಚಿಡಬೇಡಿ

ಮಾನ್ಯ ಸಂಪಾದಕರೇ,

ಕಂಪನಿಗಳು ಸಿಬ್ಬಂದಿ ಕಡಿತ ಮಾಡಿದಾಗ ಎಷ್ಟು ಮಂದಿಯ ಕೆಲಸ ಹೋಯಿತು ಎಂಬ ಲೆಕ್ಕ ಸುದ್ದಿಯಾಗುತ್ತದೆ. ಆ ಮಂದಿ ಮರುದಿನ ಎದ್ದು ಏನು ಮಾಡಬೇಕು, ಅರ್ಜಿ ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಏನು ಹೇಳಬೇಕು ಎಂಬುದರ ಬಗ್ಗೆ ಓದಲು ಸಿಗುವುದು ಕಡಿಮೆ. ನಾವು ನೇಮಕಾತಿಯ ಕೆಲಸದಲ್ಲಿರುವವರು. ಅರ್ಜಿಗಳನ್ನು ಓದಿ ಆರಿಸುವುದು, ಸಂದರ್ಶನ ನಡೆಸುವುದು, ಆಯ್ಕೆಯಾದವರ ಹಿನ್ನೆಲೆ ಪರಿಶೀಲಿಸುವುದು ನಮ್ಮ ನಿತ್ಯದ ಕಸುಬು. ಅದರ ಬಲದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸಿದೆ: ಲೇಆಫ್ ಆಗಿರುವುದನ್ನು ಮುಚ್ಚಿಡಬೇಡಿ. ಕೆಲಸ ಹೋಗಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ಬದಿಗೆ ಸರಿಸುವವರು ಕಡಿಮೆ. ಅದನ್ನು ಮರೆಮಾಚಲು ತಿದ್ದಿದ ತಾರೀಖು, ಹಾರಿಕೆಯ ಉತ್ತರ, ಪರಿಚಯದವರಿಗೂ ಹೇಳದೆ ಉಳಿಸಿಕೊಂಡ ಸಂಕೋಚ, ಇವುಗಳಿಂದಲೇ ಎಷ್ಟೋ ಒಳ್ಳೆಯ ಅಭ್ಯರ್ಥಿಗಳು ಅವಕಾಶ ಕಳೆದುಕೊಳ್ಳುತ್ತಾರೆ.

ಮೊದಲು ಕಾಗದಪತ್ರ. ಕೆಲವು ಕಡೆ ಎಚ್‌ಆರ್ ವಿಭಾಗದವರು, 'ನೀವೇ ರಾಜೀನಾಮೆ ಕೊಟ್ಟುಬಿಡಿ, ಮುಂದೆ ನಿಮಗೇ ಒಳ್ಳೆಯದು' ಎನ್ನುತ್ತಾರೆ. ಆ ಕ್ಷಣದಲ್ಲಿ ಅದು ಮರ್ಯಾದೆ ಉಳಿಸುವ ದಾರಿಯಂತೆ ಕಾಣುತ್ತದೆ. ಅಲ್ಲೇ ಕೂತು ಸಹಿ ಹಾಕಬೇಡಿ. ಪರಿಹಾರದ ಹಣ, ಉದ್ಯೋಗ ನಷ್ಟದ ವಿಮೆ, ಸರ್ಕಾರದ ನಿರುದ್ಯೋಗ ಭತ್ಯೆ ಇರುವ ಕಡೆ ಆ ಭತ್ಯೆ, ಇವೆಲ್ಲ ಸಾಮಾನ್ಯವಾಗಿ ಮಾಲೀಕರೇ ಕೆಲಸದಿಂದ ತೆಗೆದಾಗ ಸಿಗುವಂಥವು; ಸ್ವಂತ ರಾಜೀನಾಮೆಯಾದರೆ ಕೈಬಿಟ್ಟು ಹೋಗಬಹುದು. ಸಂದರ್ಶನದಲ್ಲೂ ಅದು ನೆರವಿಗೆ ಬರುವುದಿಲ್ಲ. ಬೇರೆ ಕೆಲಸ ಗೊತ್ತುಮಾಡಿಕೊಳ್ಳದೆ ಏಕೆ ಬಿಟ್ಟಿರಿ ಎಂಬ ಪ್ರಶ್ನೆಗೆ ಉತ್ತರಿಸುವುದು, ಹುದ್ದೆ ರದ್ದಾಯಿತು ಎಂದು ಹೇಳುವುದಕ್ಕಿಂತ ಕಷ್ಟ. ಕಾಗದವನ್ನು ಮನೆಗೆ ತನ್ನಿ, ಕಾರ್ಮಿಕ ಕಾನೂನು ಬಲ್ಲವರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ.

ಕಂಪ್ಯೂಟರಿನ ಲಾಗಿನ್ ಮುಚ್ಚುವ ಮುಂಚೆ ನಿಮ್ಮದೇ ಆದ ಕಾಗದಗಳನ್ನು ತೆಗೆದಿಟ್ಟುಕೊಳ್ಳಿ: ಕಾರಣ ನಮೂದಿಸಿದ ಕೆಲಸ ಮುಕ್ತಾಯದ ಪತ್ರ, ಸೇರಿದ ಮತ್ತು ಬಿಟ್ಟ ತಾರೀಖುಗಳಿರುವ ಅನುಭವ ಪತ್ರ, ಕೊನೆಯ ಆರು ತಿಂಗಳ ಸಂಬಳದ ಚೀಟಿ, ಹಿಂದಿನ ಎರಡು ವರ್ಷಗಳ ಮೌಲ್ಯಮಾಪನ, ತೆರಿಗೆ ಕಡಿತದ ದಾಖಲೆ, ಬಾಕಿ ರಜೆಯ ಲೆಕ್ಕ. ಗ್ರಾಹಕರ ಪಟ್ಟಿ, ವಿನ್ಯಾಸ, ಕೋಡ್, ಬೆಲೆಪಟ್ಟಿ ಮುಟ್ಟಬೇಡಿ. ಅವು ಕಂಪನಿಯ ಸ್ವತ್ತು. ಕಾನೂನಿನ ತೊಡಕು ಒತ್ತಟ್ಟಿಗಿರಲಿ, ಹಳೆಯ ಕಂಪನಿಯ ಗುಟ್ಟು ಹೊತ್ತು ತಂದವರನ್ನು ಹೊಸ ಕಂಪನಿಯೂ ನಂಬುವುದಿಲ್ಲ. ಇನ್ನೊಂದು ಕೆಲಸ ಅದೇ ದಿನ ಆಗಬೇಕು. ನೀವು ಮಾಡುತ್ತಿದ್ದ ಕೆಲಸದ ಅಳತೆಗಳನ್ನು ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ. ತಂಡದಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಕಡತ ಅಥವಾ ಕರೆ ಅಥವಾ ಬಿಲ್ಲು, ನೀವು ಬಂದಾಗ ಎಷ್ಟು ಹೊತ್ತು ಹಿಡಿಯುತ್ತಿದ್ದದ್ದು ಬಿಡುವಾಗ ಎಷ್ಟಕ್ಕೆ ಇಳಿದಿತ್ತು, ಇಂಥವು. ಮೂರು ತಿಂಗಳಾದ ಮೇಲೆ ಇವು ಮಸುಕಾಗುತ್ತವೆ, ಆಗ ರೆಸ್ಯೂಮೆಯಲ್ಲಿ ಬರೀ ವಿಶೇಷಣಗಳು ಉಳಿಯುತ್ತವೆ.

ಸಿಟ್ಟಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಅದು ಸಂದರ್ಶನದ ಕೋಣೆಯೊಳಕ್ಕೆ ನಿಮ್ಮ ಜೊತೆಯಲ್ಲೇ ಬರುತ್ತದೆ. ಅಮೆರಿಕದಲ್ಲಿ ಸ್ಟೆಫನಿ ಸ್ಪೆರಾ, ಎರಿಕ್ ಬೂರ್ಫೈಂಡ್, ಜೇಮ್ಸ್ ಪೆನ್ನಿಬೇಕರ್ ಎಂಬ ಸಂಶೋಧಕರು ಕೆಲಸ ಕಳೆದುಕೊಂಡ ವೃತ್ತಿಪರರ ಮೇಲೆ ನಡೆಸಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಸತತ ಐದು ದಿನ, ದಿನಕ್ಕೆ 20 ನಿಮಿಷ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿರುವುದನ್ನೆಲ್ಲ ಬರೆದರು. ಬೇರೆ ವಿಷಯ ಬರೆದವರಿಗಿಂತ, ಏನೂ ಬರೆಯದವರಿಗಿಂತ ಅವರಿಗೆ ಬೇಗ ಕೆಲಸ ಸಿಕ್ಕಿತು. ಅವರೇನೂ ಉಳಿದವರಿಗಿಂತ ಹೆಚ್ಚು ಓಡಾಡಿರಲಿಲ್ಲ. ಹಳೆಯ ಕೆಲಸದ ಬಗೆಗಿನ, ಹೊಸ ಕೆಲಸ ಹುಡುಕುವುದರ ಬಗೆಗಿನ ಅವರ ಧೋರಣೆ ಬದಲಾಗಿತ್ತು. ಖರ್ಚಿಲ್ಲದ ಉಪಾಯ ಇದು. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ, ಸಾಮಾಜಿಕ ಜಾಲತಾಣದಲ್ಲಂತೂ ಹಾಕಲೇಬಾರದು. ಮೊದಲ ಸಂದರ್ಶನಕ್ಕೆ ಹೋಗುವ ಮುಂಚೆ ಮಾಡಿ ಮುಗಿಸಿ.

ಇನ್ನು ರೆಸ್ಯೂಮೆ. ಎರಡು ಪುಟ ಸಾಕು. ಆದರೆ ಅದಕ್ಕೂ ಮುಂಚೆ ನಾಲ್ಕೈದು ಪುಟಗಳ ಒಂದು ಮೂಲಪ್ರತಿ ಮಾಡಿಕೊಳ್ಳಿ. ಮಾಡಿದ ಕೆಲಸ, ಕಲಿತ ಉಪಕರಣ, ಅಳತೆ ಎಲ್ಲವೂ ಅದರಲ್ಲಿರಲಿ. ಪ್ರತಿ ಜಾಹೀರಾತಿಗೂ ಬೇಕಾದಷ್ಟನ್ನು ಅದರಿಂದ ಆರಿಸಿ ಎರಡು ಪುಟ ಕಟ್ಟಿ. ಮೊದಲ ಪುಟದ ಮೇಲಿನ ಮೂರನೇ ಒಂದು ಭಾಗದಲ್ಲೇ ಓದುವವರ ಕಣ್ಣು ನಿಲ್ಲುವುದು. ಅಲ್ಲಿ 'ಕಠಿಣ ಪರಿಶ್ರಮಿ, ತಂಡದಲ್ಲಿ ಬೆರೆಯುವವನು' ಎಂದು ಬರೆದರೆ ಒಳ್ಳೆಯ ಜಾಗ ಹಾಳು. ಯಾವ ಕೆಲಸ, ಎಷ್ಟು ವರ್ಷ, ಯಾವ ಬಗೆಯ ಸಂಸ್ಥೆಯಲ್ಲಿ, ಮುಖ್ಯವಾದ ಎರಡು ಸಾಧನೆ, ಯಾವಾಗ ಸೇರಬಲ್ಲಿರಿ, ಇಷ್ಟನ್ನು ಮೂರು ನಾಲ್ಕು ಸಾಲಿನಲ್ಲಿ ಹೇಳಿ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 'ಗೋದಾಮಿನ ಸ್ಟಾಕ್ ನೋಡಿಕೊಳ್ಳುತ್ತಿದ್ದೆ' ಎಂದು ಬರೆದಿದೆ ಎನ್ನಿ. ಇದರಿಂದ ಓದುವವರಿಗೆ ಗೊತ್ತಾಗುವುದು ನೀವಿದ್ದ ಜಾಗ ಮಾತ್ರ. ಅದನ್ನೇ ಹೀಗೆ ಬರೆಯಬಹುದು: 'ಸುಮಾರು 2,000 ಬಗೆಯ ಬಿಡಿಭಾಗಗಳ ಗೋದಾಮು, ನಾಲ್ವರ ತಂಡ. ವರ್ಷಕ್ಕೊಮ್ಮೆ ಇದ್ದ ಪೂರ್ಣ ಎಣಿಕೆಯ ಬದಲು ವಾರಕ್ಕೊಂದು ರ‍್ಯಾಕ್ ಎಣಿಸುವ ಪದ್ಧತಿ ತಂದೆ. ಪುಸ್ತಕಕ್ಕೂ ವಾಸ್ತವಕ್ಕೂ ಇದ್ದ ವ್ಯತ್ಯಾಸ ಒಂದು ವರ್ಷದಲ್ಲಿ ಶೇ 3ರಿಂದ ಶೇ 1ಕ್ಕೆ ಇಳಿಯಿತು.' ಕೆಲಸ ಎಷ್ಟು ದೊಡ್ಡದು, ನೀವು ಏನು ಬದಲಿಸಿದಿರಿ, ಅದರಿಂದ ಏನಾಯಿತು, ಈ ಮೂರೂ ಬಂದವು. ಸಂದರ್ಶಕರಿಗೆ ಪ್ರಶ್ನೆ ಕೇಳಲು ಹಿಡಿಕೆಯೂ ಸಿಕ್ಕಿತು. ಅಂಕಿ ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. 'ದಿನಕ್ಕೆ ಮೂರು ತಾಸು ಹಿಡಿಯುತ್ತಿದ್ದದ್ದು ಒಂದು ತಾಸಿಗೆ ಇಳಿಯಿತು' ಎಂಬಂಥ, ನೀವು ಕಣ್ಣಾರೆ ಕಂಡ ಅಳತೆ ಸಾಕು. ಎಲ್ಲ ಸಾಲುಗಳನ್ನೂ ಹೀಗೆ ಮಾಡಬೇಕಿಲ್ಲ. ಕೊನೆಯ ಎರಡು ಕೆಲಸಗಳಿಗೆ ನಾಲ್ಕೈದು ಸಾಲು, ಹತ್ತು ಹದಿನೈದು ವರ್ಷ ಹಿಂದಿನವಕ್ಕೆ ಒಂದೊಂದೇ ಸಾಲು.

ತಾರೀಖುಗಳನ್ನು ತಿಂಗಳು ಮತ್ತು ವರ್ಷ ಎರಡನ್ನೂ ಸೇರಿಸಿ ಬರೆಯಿರಿ. ಕೆಲಸ ಹೋಗಿ ಎರಡು ತಿಂಗಳಾದರೂ ಕೊನೆಯ ಹುದ್ದೆಯ ಮುಂದೆ 'ಈವರೆಗೆ' ಎಂದೇ ಬಿಟ್ಟಿರುವ ರೆಸ್ಯೂಮೆಗಳನ್ನು ಬಹಳ ನೋಡುತ್ತೇವೆ. ಭಯದಿಂದ ಹಾಗೆ ಮಾಡುತ್ತಾರೆಂದು ನಮಗೆ ಗೊತ್ತು. ಆದರೆ ಹಿನ್ನೆಲೆ ಪರಿಶೀಲನೆಯಲ್ಲಿ ಹಳೆಯ ಕಂಪನಿಗೆ ಮೊದಲು ಕೇಳುವುದೇ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು. ಅಲ್ಲಿ ತಾಳೆಯಾಗದಿದ್ದರೆ ಆಫರ್ ಲೆಟರ್ ವಾಪಸಾಗುತ್ತದೆ. ಸೇರಿದ ಮೇಲೆ ಗೊತ್ತಾದರೂ ಕೆಲಸ ಹೋಗಬಹುದು. ಮೊದಲು ಹೋದದ್ದು ಹುದ್ದೆ ಮಾತ್ರ, ಈಗ ಹೋಗುವುದು ಹೆಸರು. ಕೊನೆಯ ಕೆಲಸದ ಕೆಳಗೆ 'ಕಂಪನಿಯ ಪುನರ್ರಚನೆಯಲ್ಲಿ ಹುದ್ದೆ ರದ್ದಾಯಿತು' ಎಂದು ಒಂದೇ ಒಂದು ಸಾಲು ಸೇರಿಸಿ. ಸೇರಿ ಒಂದು ವರ್ಷವೂ ಆಗದೆ ಲೇಆಫ್ ಆದವರಿಗಂತೂ ಇದು ಬೇಕೇ ಬೇಕು. ಇಲ್ಲದಿದ್ದರೆ ಓದುವವರು ತಾವೇ ಒಂದು ಕಾರಣ ಊಹಿಸಿಕೊಳ್ಳುತ್ತಾರೆ, ಅದು ನಿಮಗೆ ಅನುಕೂಲವಾಗಿಯೇ ಇರಬೇಕೆಂದಿಲ್ಲ.

ಅರ್ಜಿಗಳನ್ನು ಸಾಫ್ಟ್‌ವೇರ್ ಓದಿ ತಾನಾಗಿಯೇ ಕಸದ ಬುಟ್ಟಿಗೆ ಹಾಕುತ್ತದೆ ಎಂಬ ಭಯ ಎಲ್ಲೆಡೆ ಇದೆ. ಬಹುಪಾಲು ಅದು ಮಾಡುವುದು ರೆಸ್ಯೂಮೆಯಿಂದ ಹೆಸರು, ಹುದ್ದೆ, ತಾರೀಖು, ಕೌಶಲಗಳನ್ನು ಹೆಕ್ಕಿ ಪಟ್ಟಿ ಮಾಡುವ ಕೆಲಸ. ಆ ಪಟ್ಟಿಯಲ್ಲಿ ನಾವು ಪದಗಳನ್ನು ಕೊಟ್ಟು ಹುಡುಕುತ್ತೇವೆ. ತಾನಾಗಿ ತಳ್ಳಿಹಾಕುವುದು ಹೆಚ್ಚಾಗಿ ಅರ್ಜಿ ನಮೂನೆಯಲ್ಲಿರುವ 'ಹೌದು/ಇಲ್ಲ' ಪ್ರಶ್ನೆಗಳಿಂದ. ಪಾಳಿಯಲ್ಲಿ ಕೆಲಸ ಮಾಡುವಿರಾ, ಇಂಥ ಪರವಾನಗಿ ಇದೆಯೇ, ಇಷ್ಟು ವರ್ಷದ ಅನುಭವ ಇದೆಯೇ ಎಂಬುವನ್ನು ಅವಸರದಲ್ಲಿ ತಪ್ಪಾಗಿ ಒತ್ತಿದರೆ ಮನುಷ್ಯರ ಕಣ್ಣಿಗೆ ಬೀಳುವ ಮುಂಚೆಯೇ ಅರ್ಜಿ ಮುಗಿಯಿತು. ಹೆಕ್ಕುವಾಗಿನ ತೊಂದರೆ ಬೇರೆ. ಎರಡು ಅಂಕಣಗಳ ವಿನ್ಯಾಸ, ಕೋಷ್ಟಕ, ಚಿತ್ರ, ಪುಟದ ಹೆಡರ್‌ನಲ್ಲಿ ಹಾಕಿದ ಫೋನ್ ನಂಬರ್ ಇವು ಕಲಸಿಹೋಗುತ್ತವೆ ಇಲ್ಲವೇ ಕಾಣೆಯಾಗುತ್ತವೆ. ಪರೀಕ್ಷಿಸುವುದು ಸುಲಭ: ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಸಾಲುಗಳು ಸರಿಯಾದ ಕ್ರಮದಲ್ಲಿ ಬಂದರೆ ಸರಿ. ಏನೂ ಬರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಹೊಸದಾಗಿ ಮಾಡಬೇಕು. ಕನ್ನಡದಲ್ಲಿ ಬರೆದ ಅರ್ಜಿಯಾದರೆ ಯೂನಿಕೋಡ್‌ನಲ್ಲಿರಲಿ; ಹಳೆಯ ಫಾಂಟಿನಲ್ಲಿ ಟೈಪಾದದ್ದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು. ಬಿಳಿ ಹಾಳೆಯಲ್ಲಿ ಬಿಳಿ ಅಕ್ಷರದಲ್ಲಿ ಜಾಹೀರಾತಿನ ಪದಗಳನ್ನು ತುಂಬುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಹೆಕ್ಕಿದ ಪಠ್ಯದಲ್ಲಿ ಅವು ಎದ್ದು ಕಾಣುತ್ತವೆ.

ಜಾಹೀರಾತನ್ನು ಓದುವಾಗ ಕಡ್ಡಾಯವಾದವು ಯಾವುವು, ಇದ್ದರೆ ಒಳ್ಳೆಯದು ಎಂಬಂಥವು ಯಾವುವು ಎಂದು ಎರಡು ಬಣ್ಣದಲ್ಲಿ ಗೆರೆ ಎಳೆಯಿರಿ. ಕಡ್ಡಾಯವಾದವುಗಳಲ್ಲಿ ಹೆಚ್ಚಿನವು ನಿಮ್ಮಲ್ಲಿದ್ದರೆ ಹಾಕಿ, ನೂರಕ್ಕೆ ನೂರು ಹೊಂದಬೇಕೆಂದು ಕಾಯಬೇಡಿ. ಜಾಹೀರಾತಿನಲ್ಲಿರುವ ಪದಗಳನ್ನೇ ನಿಮ್ಮ ನಿಜವಾದ ಕೆಲಸಕ್ಕೆ ಬಳಸಿ. ಅವರು 'ಅಕೌಂಟ್ಸ್ ಪೇಯಬಲ್' ಎಂದಿದ್ದು ನೀವು 'ಬಿಲ್ ಪಾವತಿ' ಎಂದಷ್ಟೇ ಬರೆದಿದ್ದರೆ ಹುಡುಕಾಟದಲ್ಲಿ ನೀವು ಸಿಗುವುದಿಲ್ಲ. ಒಂದು ಅರ್ಜಿಗೆ ಮುಕ್ಕಾಲು ತಾಸು ಕೊಟ್ಟರೆ ವಾರಕ್ಕೆ ಹತ್ತು ಹನ್ನೆರಡು ಆಗುತ್ತವೆ. ಒಂದೇ ರಾತ್ರಿ ಒಂದೇ ರೆಸ್ಯೂಮೆಯನ್ನು ನೂರು ಕಡೆ ಒತ್ತುವುದಕ್ಕಿಂತ ಇದು ಮೇಲು. ಪ್ರಕಟವಾದ ಮೊದಲ ಎರಡು ಮೂರು ದಿನಗಳಲ್ಲೇ ಕಳಿಸಿ. ಸಾಕಷ್ಟು ಒಳ್ಳೆಯ ಅರ್ಜಿ ಬಂದ ಕೂಡಲೇ ಎಷ್ಟೋ ಕಡೆ ಆಯ್ಕೆ ಶುರುವಾಗಿಬಿಡುತ್ತದೆ, ಕೊನೆಯ ದಿನಾಂಕದವರೆಗೆ ಕಾಯುವುದಿಲ್ಲ.

ಕಳಿಸಿದ್ದರ ಲೆಕ್ಕವಿಡಿ. ತಾರೀಖು, ಸಂಸ್ಥೆ, ಹುದ್ದೆ, ಯಾವ ರೆಸ್ಯೂಮೆ, ಯಾರ ಮೂಲಕ, ಮುಂದೆ ಯಾವಾಗ ವಿಚಾರಿಸಬೇಕು, ಏನಾಯಿತು ಎಂದು ಏಳು ಕಾಲಮ್ಮಿನ ಒಂದು ಪಟ್ಟಿ ಸಾಕು. ಜಾಹೀರಾತಿನ ಪಠ್ಯವನ್ನೂ ಉಳಿಸಿಕೊಳ್ಳಿ, ಅವಧಿ ಮುಗಿದ ಮೇಲೆ ಅದು ಜಾಲತಾಣದಿಂದ ಹೋಗಿಬಿಡುತ್ತದೆ. ಮೂರು ವಾರ ಬಿಟ್ಟು ಫೋನ್ ಬಂದಾಗ 'ಯಾವ ಕಂಪನಿ ಅಂದ್ರಿ?' ಎಂದು ಕೇಳುವ ಅಭ್ಯರ್ಥಿ ಆ ಒಂದು ಪ್ರಶ್ನೆಯಿಂದಲೇ ಹಿಂದೆ ಬೀಳುತ್ತಾರೆ. ಕರೆ ಬಂದಾಗ ನೀವು ಬಸ್ಸಿನಲ್ಲೋ ಸಂತೆಯಲ್ಲೋ ಇದ್ದರೆ, 'ಹತ್ತು ನಿಮಿಷದಲ್ಲಿ ನಾನೇ ಕರೆ ಮಾಡಲೇ?' ಎನ್ನುವುದರಲ್ಲಿ ತಪ್ಪಿಲ್ಲ.

ಮುಚ್ಚಿಡುವುದರಿಂದ ಆಗುವ ಅತಿ ದೊಡ್ಡ ನಷ್ಟ ಪರಿಚಯದವರ ವಿಷಯದಲ್ಲಿ. ಮನೆಯವರಿಗೆ ಹೇಳುವುದೇ ಕಷ್ಟವಾಗಿರುವಾಗ ಊರವರಿಗೆಲ್ಲ ಹೇಳುವುದು ಹೇಗೆ ಎನಿಸುವುದು ಸಹಜ. ಆದರೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ ಕೊಟ್ಟ ಲೆಕ್ಕ ಗಮನಿಸಿ. ಬಾಸ್ಟನ್ ಬಳಿಯ ಉಪನಗರವೊಂದರಲ್ಲಿ ಪರಿಚಯದವರ ಮೂಲಕ ಕೆಲಸ ಕಂಡುಕೊಂಡವರನ್ನು ಅವರು ಕೇಳಿದಾಗ, ವಾರಕ್ಕೆರಡು ಬಾರಿಯಾದರೂ ಭೇಟಿಯಾಗುವ ಆಪ್ತರಿಂದ ಸುಳಿವು ಸಿಕ್ಕವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರಿಂದ ಶೇ 55.6, ವರ್ಷಕ್ಕೊಮ್ಮೆಯೋ ಅದಕ್ಕೂ ಅಪರೂಪಕ್ಕೋ ಕಾಣುವವರಿಂದ ಶೇ 27.8. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ಬಹುತೇಕ ನಿಮಗೂ ಗೊತ್ತಿರುತ್ತದೆ; ಜೊತೆಯಲ್ಲೇ ಲೇಆಫ್ ಆದ ಸಹೋದ್ಯೋಗಿಗಳಂತೂ ಅದೇ ಖಾಲಿ ಹುದ್ದೆಯ ಹಿಂದೆ ಬಿದ್ದಿರುತ್ತಾರೆ. ಐದು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ ಸಹೋದ್ಯೋಗಿ, ಹಳೆಯ ಪೂರೈಕೆದಾರರು, ತರಬೇತಿಯಲ್ಲಿ ಜೊತೆಗಿದ್ದವರು ಬೇರೆ ಲೋಕದಲ್ಲಿರುತ್ತಾರೆ, ಅಲ್ಲಿನ ಸುದ್ದಿ ಅವರಿಗೆ ಗೊತ್ತಿರುತ್ತದೆ.

ಅವರಿಗೆ 'ಎಲ್ಲಾದರೂ ಕೆಲಸ ಇದ್ದರೆ ಹೇಳಿ' ಎಂದು ಕಳಿಸಿದರೆ ಪಾಪ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. 'ಆಗಲಿ, ನೋಡೋಣ' ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಹೀಗೆ ಬರೆಯಿರಿ: 'ನಮಸ್ಕಾರ, ನಮ್ಮ ವಿಭಾಗ ಮುಚ್ಚಿದ್ದರಿಂದ ಕಳೆದ ತಿಂಗಳು ನನ್ನ ಹುದ್ದೆ ರದ್ದಾಯಿತು. ಖರೀದಿ ವಿಭಾಗದಲ್ಲಿ ಆರು ವರ್ಷದ ಅನುಭವ ಇದೆ. ನಿಮ್ಮ ಕಂಪನಿಯಲ್ಲಿ ಖರೀದಿ ಅಧಿಕಾರಿಯ ಹುದ್ದೆ ಖಾಲಿ ಇರುವುದನ್ನು ಜಾಲತಾಣದಲ್ಲಿ ನೋಡಿದೆ. ಆ ವಿಭಾಗದವರಿಗೆ ನನ್ನ ರೆಸ್ಯೂಮೆ ತಲುಪಿಸಲು ಆಗುತ್ತದೆಯೇ? ಫಾರ್ವರ್ಡ್ ಮಾಡಲು ಅನುಕೂಲವಾಗಲೆಂದು ಮೂರು ಸಾಲಿನ ಪರಿಚಯ ಕೆಳಗಿದೆ. ಆಗದಿದ್ದರೂ ಬೇಸರವಿಲ್ಲ.' ಅವರು ಮಾಡಬೇಕಾದ್ದು ಒಂದೇ ಕೆಲಸ, ಅದೂ ಎರಡು ನಿಮಿಷದ್ದು. ವಾರ ಕಳೆದು ಒಮ್ಮೆ ನೆನಪಿಸಿ. ಮತ್ತೆ ಬೇಡ. ನೆರವಾದವರಿಗೆ ಫಲಿತಾಂಶ ಏನೇ ಇರಲಿ ತಿಳಿಸಿ. ಸುದ್ದಿ ತಿಳಿದವರು ಇನ್ನೊಮ್ಮೆಯೂ ನೆರವಾಗುತ್ತಾರೆ.

ಸಂದರ್ಶನದಲ್ಲಿ 'ಹಿಂದಿನ ಕೆಲಸ ಏಕೆ ಬಿಟ್ಟಿರಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಮೂರು ನಾಲ್ಕು ವಾಕ್ಯ, ಅರ್ಧ ನಿಮಿಷ. ಏನಾಯಿತು, ಎಷ್ಟು ವ್ಯಾಪ್ತಿಯಲ್ಲಿ ಆಯಿತು, ಈ ಹುದ್ದೆಗೆ ಏಕೆ ಬಂದಿರಿ. ಉದಾಹರಣೆಗೆ: 'ಮಾರ್ಚಿನಲ್ಲಿ ಕಂಪನಿ ನಮ್ಮ ಉತ್ಪನ್ನವನ್ನೇ ನಿಲ್ಲಿಸಿತು. ನಮ್ಮ ತಂಡದ ಹದಿನಾಲ್ಕೂ ಹುದ್ದೆಗಳು ರದ್ದಾದವು, ನನ್ನದೂ ಸೇರಿ. ಅಲ್ಲಿ ಪೂರೈಕೆದಾರರ ಜೊತೆ ದರ ಮಾತಾಡುವುದೇ ನನ್ನ ಮುಖ್ಯ ಕೆಲಸವಾಗಿತ್ತು. ಇಲ್ಲಿಯೂ ಅದೇ ಮುಖ್ಯ ಎಂದು ಜಾಹೀರಾತಿನಲ್ಲಿ ನೋಡಿ ಅರ್ಜಿ ಹಾಕಿದೆ.' ಇಷ್ಟು ಹೇಳಿ ನಿಲ್ಲಿಸಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಉತ್ತರ ಮುಗಿದ ಮೇಲೆ ನಾವು ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಳ್ಳುತ್ತಿರುತ್ತೇವೆ. ಆ ನಾಲ್ಕೈದು ಸೆಕೆಂಡಿನ ಮೌನವನ್ನು ಅಭ್ಯರ್ಥಿ ಅನುಮಾನ ಎಂದುಕೊಂಡು, 'ಅದೂ ಅಲ್ಲದೆ ಮ್ಯಾನೇಜರಿಗೂ ನನಗೂ...' ಎಂದು ಶುರುಮಾಡುತ್ತಾರೆ. ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ, ಅಲ್ಲಿಂದ ಮುಂದಿನ ಹತ್ತು ನಿಮಿಷ ಹಳೆಯ ಮ್ಯಾನೇಜರ್ ಬಗ್ಗೆಯೇ ಹೋಗುತ್ತದೆ.

ವ್ಯಾಪ್ತಿಯನ್ನು ಹೇಳುವುದು ಏಕೆ ಮುಖ್ಯ? ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಗಿಬ್ಬನ್ಸ್ ಮತ್ತು ಲಾರೆನ್ಸ್ ಕಾಟ್ಜ್ 1991ರಲ್ಲಿ ಅಮೆರಿಕದ ದತ್ತಾಂಶ ಪರಿಶೀಲಿಸಿ, ಘಟಕವೇ ಮುಚ್ಚಿ ಕೆಲಸ ಕಳೆದುಕೊಂಡವರಿಗಿಂತ, ಮಾಲೀಕರು ಆರಿಸಿ ತೆಗೆದವರಿಗೆ ಹೊಸ ಕೆಲಸ ಸಿಗಲು ಹೆಚ್ಚು ಕಾಲ ಹಿಡಿಯುತ್ತದೆ, ಸಂಬಳವೂ ಕಡಿಮೆ ಸಿಗುತ್ತದೆ ಎಂದು ತೋರಿಸಿದರು. ಆರಿಸಿ ತೆಗೆದಿದ್ದಾರೆಂದರೆ ಏನೋ ಕೊರತೆ ಇರಬೇಕು ಎಂದು ಮಾರುಕಟ್ಟೆ ಭಾವಿಸುತ್ತದೆ ಎಂಬುದು ಅವರ ವಿವರಣೆ. ಆದ್ದರಿಂದ ವಿಭಾಗ ಪೂರ್ತಿ ಹೋಗಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ತಂಡದಲ್ಲಿ ಕೆಲವರನ್ನಷ್ಟೇ ತೆಗೆದಿದ್ದು ಅದರಲ್ಲಿ ನೀವೂ ಇದ್ದರೆ ಹೊರಗಿನ ಸಾಕ್ಷಿ ಬೇಕು: 'ನಮ್ಮ ಹನ್ನೆರಡು ಜನರಲ್ಲಿ ಐವರ ಹುದ್ದೆ ಹೋಯಿತು. ಹೇಗೆ ಆರಿಸಿದರೆಂದು ನಮಗೆ ತಿಳಿಸಲಿಲ್ಲ. ನನ್ನ ಕೊನೆಯ ಎರಡು ಮೌಲ್ಯಮಾಪನಗಳು ಚೆನ್ನಾಗಿದ್ದವು, ನನ್ನ ಮ್ಯಾನೇಜರ್ ನನ್ನ ಬಗ್ಗೆ ಮಾತಾಡಲು ಒಪ್ಪಿದ್ದಾರೆ.' ಕೆಲಸ ಸರಿ ಇರಲಿಲ್ಲ ಎಂಬ ಕಾರಣ ಕೊಟ್ಟೇ ತೆಗೆದಿದ್ದರೂ ದಾರಿ ಇದೆ. ಎಲ್ಲಿ ಹಿಂದೆ ಬಿದ್ದಿರಿ ಎಂಬುದನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡು, ಅದನ್ನು ಸರಿಪಡಿಸಲು ಏನು ಮಾಡಿದ್ದೀರಿ ಎಂಬುದನ್ನು ಎರಡು ವಾಕ್ಯದಲ್ಲಿ ತೋರಿಸಿ. ತೋರಿಸಲು ಏನಾದರೂ ಇರಲೇಬೇಕು, ಇಲ್ಲದಿದ್ದರೆ ಮೊದಲು ಅದನ್ನು ಮಾಡಿ.

'ಒಂದು ಕಷ್ಟದ ಸಂದರ್ಭ ಹೇಳಿ', 'ಸಹೋದ್ಯೋಗಿಯ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ' ಎಂಬಂಥ ಪ್ರಶ್ನೆಗಳಿಗೆ ಆರೇಳು ಪ್ರಸಂಗಗಳನ್ನು ಸಿದ್ಧವಿಟ್ಟುಕೊಂಡರೆ ಸಾಕು. ಗಡುವಿನ ಒತ್ತಡ, ಜಗಳ, ಎಡವಟ್ಟು, ಹೊಸದು ಕಲಿತದ್ದು, ಸುಧಾರಿಸಿದ್ದು, ಬೇರೆಯವರಿಗೆ ಕಲಿಸಿದ್ದು, ಈ ಆರು ತಲೆಬರಹಕ್ಕೆ ಒಂದೊಂದು. ಒಂದೊಂದು ಎರಡು ನಿಮಿಷದಲ್ಲಿ ಮುಗಿಯಬೇಕು: ಪರಿಸ್ಥಿತಿಗೆ ಇಪ್ಪತ್ತು ಸೆಕೆಂಡು, ನಿಮ್ಮ ಹೊಣೆ ಏನಿತ್ತು ಎಂಬುದಕ್ಕೆ ಹತ್ತು, ನೀವು ಮಾಡಿದ್ದಕ್ಕೆ ಒಂದು ನಿಮಿಷ, ಫಲಕ್ಕೆ ಉಳಿದದ್ದು. ನಾವು ಕೇಳುವ ಉತ್ತರಗಳಲ್ಲಿ ಪರಿಸ್ಥಿತಿಯ ವರ್ಣನೆಯೇ ಎರಡು ನಿಮಿಷ ತಿಂದುಬಿಡುತ್ತದೆ. ಇನ್ನೊಂದು ತೊಡಕು ನಮ್ಮ ವಿನಯದ್ದು. 'ನಾವು ಮಾಡಿದೆವು, ನಾವು ಮುಗಿಸಿದೆವು' ಎನ್ನುತ್ತಾ ಹೋದರೆ ಆ ಎಂಟು ಜನರಲ್ಲಿ ನಿಮ್ಮ ಕೈಯ ಕೆಲಸ ಯಾವುದು ಎಂದು ಕೇಳುವವರಿಗೆ ಹೊಳೆಯುವುದಿಲ್ಲ. ತಂಡದ ಹೆಸರು ಒಮ್ಮೆ ಹೇಳಿ, ಆಮೇಲೆ ನೀವು ಮಾಡಿದ್ದನ್ನು ನೀವು ಮಾಡಿದ್ದೆಂದೇ ಹೇಳಿ, ಅದು ಜಂಬವಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಂಡರೆ ಎಲ್ಲಿ ಎಳೆಯುತ್ತಿದ್ದೀರಿ ಎಂಬುದು ಮೊದಲ ಸಲಕ್ಕೇ ಗೊತ್ತಾಗುತ್ತದೆ. ಬಾಯಿಪಾಠ ಮಾಡಬೇಡಿ. ಪ್ರಸಂಗದ ನಾಲ್ಕು ಮುಖ್ಯ ಅಂಶಗಳು ನೆನಪಿದ್ದರೆ ಸಾಕು.

ವಿಡಿಯೊ ಸಂದರ್ಶನವಾದರೆ ಹಿಂದಿನ ದಿನವೇ ಲಿಂಕ್ ತೆರೆದು ನೋಡಿ, ಕ್ಯಾಮೆರಾ ಕಣ್ಣಿನ ಎತ್ತರಕ್ಕಿರಲಿ, ಬೆಳಕು ಮುಖದ ಮುಂದಿನಿಂದ ಬರಲಿ, ಇಂಟರ್ನೆಟ್ ಕೈಕೊಟ್ಟರೆ ಫೋನಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಪರದೆಯಲ್ಲಿ ಕಾಣುವ ಹೆಸರು ನಿಮ್ಮದೇ ಇದೆಯೇ, ಮಕ್ಕಳ ಆನ್‌ಲೈನ್ ತರಗತಿಯ ಹೆಸರೇ ಉಳಿದಿದೆಯೇ ನೋಡಿಕೊಳ್ಳಿ.

ಸಂಬಳದ ಮಾತು ಬಂದಾಗ ಲೇಆಫ್ ಆದವರು ಹೆದರಿ ತಾವಾಗಿಯೇ ಕಡಿಮೆ ಕೇಳುತ್ತಾರೆ. ನಿಮ್ಮ ಹುದ್ದೆಗೆ ಮಾರುಕಟ್ಟೆಯಲ್ಲಿ ಏನಿದೆ ಎಂದು ಮೂರು ನಾಲ್ಕು ಕಡೆ ವಿಚಾರಿಸಿ, ಇಷ್ಟರಿಂದ ಇಷ್ಟು ಎಂದು ಹೇಳಿ; ಕೆಳಗಿನ ಅಂಕಿ ನೀವು ನಿಜವಾಗಿ ಒಪ್ಪುವಂಥದ್ದಾಗಿರಲಿ, ಏಕೆಂದರೆ ಎಷ್ಟೋ ಸಲ ಅದೇ ಸಿಗುತ್ತದೆ. ಮೊದಲ ಕರೆಯಲ್ಲೇ ಕೇಳಿದರೆ 'ಈ ಹುದ್ದೆಗೆ ನೀವು ಇಟ್ಟುಕೊಂಡಿರುವ ವ್ಯಾಪ್ತಿ ಎಷ್ಟು?' ಎಂದು ಮರುಪ್ರಶ್ನೆ ಕೇಳಬಹುದು. ಹಿಂದಿನ ಸಂಬಳ ಹೇಳಬೇಕಾಗಿ ಬಂದರೆ ಏರಿಸಿ ಹೇಳಬೇಡಿ, ಚೀಟಿ ಕೇಳುತ್ತಾರೆ. ನಿಮ್ಮ ಕೈಯಲ್ಲಿ ಒಂದು ಬಲವಿದೆ, ಅದನ್ನು ಬಹಳ ಮಂದಿ ಬಳಸುವುದೇ ಇಲ್ಲ: ಕೆಲಸದಲ್ಲಿರುವ ಅಭ್ಯರ್ಥಿ ನೋಟಿಸ್ ಅವಧಿ ಮುಗಿಸಿ ಬರಲು ಒಂದರಿಂದ ಮೂರು ತಿಂಗಳು ಬೇಕಾದರೆ, ನೀವು ಮುಂದಿನ ಸೋಮವಾರ ಸೇರಬಲ್ಲಿರಿ. ತುರ್ತು ಇರುವ ಕಡೆ ಇದಕ್ಕೆ ಬೆಲೆಯಿದೆ. ಇದನ್ನು ಹೇಳಲು ಸಾಧ್ಯವಾಗುವುದೂ ಲೇಆಫ್ ಆದದ್ದನ್ನು ಹೇಳಿದವರಿಗೆ ಮಾತ್ರ.

ಒಂದು ಎಚ್ಚರಿಕೆ. ಕೆಲಸ ಹೋದವರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್‌ಗೆ ಮುಂಗಡ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಅಲ್ಲಿಗೇ ಬಿಡಿ. ಬರೀ ಚಾಟ್‌ನಲ್ಲಿ ಸಂದರ್ಶನ ಮುಗಿಸಿ ಒಂದೇ ದಿನದಲ್ಲಿ ಆಫರ್ ಲೆಟರ್ ಕಳಿಸುವುದು, ಒಟಿಪಿ ಕೇಳುವುದು, ಮೂಲ ಪ್ರಮಾಣಪತ್ರ ಕೊಡಿ ಎನ್ನುವುದು, ದೊಡ್ಡ ಕಂಪನಿಯ ಹೆಸರಿದ್ದೂ ಉಚಿತ ಇಮೇಲ್ ವಿಳಾಸದಿಂದ ಪತ್ರ ಬರುವುದು, ಇವೆಲ್ಲ ಅದೇ ಜಾತಿಯವು. ಅನುಮಾನ ಬಂದರೆ ಪತ್ರದಲ್ಲಿರುವ ನಂಬರಿಗಲ್ಲ, ಕಂಪನಿಯ ಅಧಿಕೃತ ಜಾಲತಾಣದಲ್ಲಿರುವ ನಂಬರಿಗೆ ಕರೆ ಮಾಡಿ ಕೇಳಿ.

ತಿಂಗಳುಗಟ್ಟಲೆ ಏನೂ ಆಗದಿದ್ದಾಗ 'ನನ್ನಲ್ಲೇ ಏನೋ ತಪ್ಪಿದೆ' ಎನಿಸುತ್ತದೆ. ಆಗ ಆ ಏಳು ಕಾಲಮ್ಮಿನ ಪಟ್ಟಿಯನ್ನು ತೆರೆದು, ಎಲ್ಲಿ ನಿಲ್ಲುತ್ತಿದೆ ಎಂದು ನೋಡಿ. ಇಪ್ಪತ್ತು ಮೂವತ್ತು ಅರ್ಜಿಗೂ ಒಂದು ಕರೆ ಬರದಿದ್ದರೆ ತೊಂದರೆ ರೆಸ್ಯೂಮೆಯಲ್ಲಿ, ಇಲ್ಲವೇ ಆರಿಸಿಕೊಳ್ಳುತ್ತಿರುವ ಹುದ್ದೆಗಳಲ್ಲಿ. ಅದೇ ರೆಸ್ಯೂಮೆ ಇನ್ನೂ ಮೂವತ್ತು ಕಡೆ ಕಳಿಸುವುದರಿಂದ ಏನೂ ಬದಲಾಗದು. ಮೊದಲ ಫೋನ್ ಕರೆಯ ನಂತರ ಮುಂದುವರಿಯದಿದ್ದರೆ ಲೇಆಫ್ ಬಗ್ಗೆ ಹೇಳಿದ ರೀತಿ ಅಥವಾ ಸಂಬಳದ ಅಂಕಿ ನೋಡಿ. ಮೊದಲ ಸುತ್ತು ದಾಟಿ ಎರಡನೆಯದರಲ್ಲಿ ನಿಲ್ಲುತ್ತಿದ್ದರೆ ನಿಮ್ಮ ಪ್ರಸಂಗಗಳಲ್ಲಿ ವಿವರ ಸಾಲದು. ಕೊನೆಯ ಸುತ್ತಿನವರೆಗೂ ಹೋಗಿ ಹೋಗಿ ಮರಳುತ್ತಿದ್ದರೆ ನೀವು ಸರಿಯಾದ ಹಾದಿಯಲ್ಲೇ ಇದ್ದೀರಿ. ಅಲ್ಲಿ ಇಬ್ಬರು ಮೂವರು ಸರಿಸಮಾನರಲ್ಲಿ ಒಬ್ಬರನ್ನು ಆರಿಸಿರುತ್ತಾರೆ, ಎರಡನೆಯವರ ಹೆಸರು ಮುಂದಿನ ಹುದ್ದೆಗೆ ನೆನಪಿರುತ್ತದೆ. ಅಂಥ ಕಡೆ ನಾಲ್ಕು ಸಾಲಿನ ವಂದನೆಯ ಇಮೇಲ್ ಕಳಿಸಿ, 'ಇಂಥದೇ ಹುದ್ದೆ ಖಾಲಿಯಾದರೆ ದಯವಿಟ್ಟು ಗಮನಿಸಿ' ಎಂದು ಬರೆಯಿರಿ. ಆಯ್ಕೆಯಾದವರು ಸೇರದೇ ಹೋಗುವುದು ಅಪರೂಪವೇನಲ್ಲ, ಆಗ ನಾವು ಮೊದಲು ತೆರೆಯುವುದು ಆ ಇಮೇಲ್ ಅನ್ನೇ.

ಕೊನೆಯದಾಗಿ, ಈ ಪತ್ರಿಕೆ ಓದುವ ಮಾಲೀಕರಿಗೂ ಎಚ್‌ಆರ್ ಮಿತ್ರರಿಗೂ ಒಂದು ಕೋರಿಕೆ. ಕಡಿತ ಮಾಡಲೇಬೇಕಾಗಿ ಬಂದಾಗ ಕೊಡುವ ಪತ್ರದಲ್ಲಿ 'ಹುದ್ದೆ ರದ್ದಾದ ಕಾರಣ, ಕಾರ್ಯಕ್ಷಮತೆಗೆ ಸಂಬಂಧವಿಲ್ಲ' ಎಂಬ ಮಾತು ನಿಜವಿದ್ದಲ್ಲಿ ಸ್ಪಷ್ಟವಾಗಿ ಬರೆಯಿರಿ. ಅನುಭವ ಪತ್ರವನ್ನು ಕೊನೆಯ ದಿನವೇ ಕೈಗೆ ಕೊಡಿ. ಅದಿಲ್ಲದೆ ಎಷ್ಟೋ ಮಂದಿಗೆ ಹೊಸ ಕಡೆ ಸೇರಲಾಗುವುದಿಲ್ಲ. ಬೇರೆ ಕಂಪನಿಯಿಂದ ಪರಿಶೀಲನೆಯ ಇಮೇಲ್ ಬಂದರೆ ಎರಡು ದಿನದೊಳಗೆ ಉತ್ತರಿಸಿ. ಸಂದರ್ಶನಕ್ಕೆ ಕರೆದು ಆಯ್ಕೆ ಮಾಡದವರಿಗೆ 'ಆಗಲಿಲ್ಲ' ಎಂಬ ಒಂದು ಸಾಲನ್ನಾದರೂ ಕಳಿಸಿ. ಆ ಸಾಲು ಬರುವವರೆಗೂ ಅವರು ಫೋನನ್ನು ಕೈಯಲ್ಲೇ ಹಿಡಿದು ಕಾಯುತ್ತಿರುತ್ತಾರೆ, ಬೇರೆ ಕಡೆ ಮನಸ್ಸು ಹಾಕುವುದಿಲ್ಲ.

ಇಂತಿ,
ನೇಮಕಾತಿ ಕೆಲಸದಲ್ಲಿರುವ ಕೆಲವು ಓದುಗರು